ಹೆರಿಗೆ ಆಗಲಿ, ಆಮೇಲೆ ಹೇಳೋಣ: 17 ವರ್ಷ ಮುಂದಕ್ಕೆ ಹೋದ ಒಂದು ಮಾತು

ನಾನು ಕೊಪ್ಪಳ ಜಿಲ್ಲೆಯಲ್ಲಿ ವಕೀಲಿ ಮಾಡುತ್ತೇನೆ. ಜೊತೆಗೆ ಮಧ್ಯಸ್ಥಿಕೆಯ ತರಬೇತಿ ಪಡೆದು, ಕೋರ್ಟಿನಿಂದ ಬರುವ ಆಸ್ತಿ ಮತ್ತು ಸಂಸಾರದ ಜಗಳಗಳಲ್ಲಿ ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿಸುವ ಕೆಲಸವೂ ಇದೆ. ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೊಲದ ಲೆಕ್ಕ, ಕೆಲವರ ವಯಸ್ಸು ಬದಲಿಸಿದ್ದೇನೆ. ಹೆಸರಿನ ಬದಲು ಸಂಬಂಧದಿಂದಲೇ ಕರೆಯುತ್ತೇನೆ: ಹಿರಿಯ ಮಗ, ಮಗಳು, ನಡುವಿನವನು, ಕಿರಿಯವನು, ಸೊಸೆ. ಕಳೆದುಹೋದವನು ನಡುವಿನವನು. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹದಿಂದ ಯಾರಿಗೂ ಉಪಯೋಗವಿಲ್ಲ.

ಮನೆ

ಕುಷ್ಟಗಿ ಕಡೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಮಳೆ ನಂಬಿದ ಹೊಲ. ಸ್ವಲ್ಪ ಎರೆ, ಜಾಸ್ತಿ ಮಸಾರಿ. ಸಜ್ಜೆ, ಶೇಂಗಾ, ಒಳ್ಳೆ ವರ್ಷವಾದರೆ ಹಿಂಗಾರಿಗೆ ಕಡಲೆ.

ನಡುವಿನವನ ಮದುವೆ ಆದದ್ದು 2000ದಲ್ಲಿ. ವರ್ಷ ತುಂಬುವುದರೊಳಗೆ ಅವನಿಗೆ ನಿದ್ದೆ ಬಾರದಾಯಿತು. ಒಬ್ಬನೇ ಮಾತಾಡುತ್ತಿದ್ದ. ರಾತ್ರಿ ಬಾವಿ ಕಟ್ಟೆಯ ಮೇಲೆ ಹೋಗಿ ಕೂತಿರುತ್ತಿದ್ದ. ತಾಯತ ಕಟ್ಟಿಸಿದರು, ಹುಲಿಗಿಯ ಅಮ್ಮನ ಗುಡಿಗೆ ಕರೆದೊಯ್ದರು, ಒಂದು ದರ್ಗಾಕ್ಕೂ ಹೋಗಿಬಂದರು. ಧಾರವಾಡದ ಮಾನಸಿಕ ಆಸ್ಪತ್ರೆಯ ಮಾತೂ ಬಂದಿತ್ತು. "ಹುಚ್ಚರ ದವಾಖಾನಿಗೆ ಒಯ್ದ್ರ ನಾಳೆ ಸಣ್ಣವಗ ಯಾರು ಹೆಣ್ಣು ಕೊಡ್ತಾರ" ಅಂತ ತಂದೆ ತಡೆದರು.

2001ರಿಂದ ಮೂರು ವರ್ಷ ಬಿಡದೆ ಬರ. 2002ರ ಬೇಸಿಗೆಗೆ ಊರಿನ ಅರ್ಧ ಮಂದಿ ಗುಳೆ ಹೊರಟರು. ನಮ್ಮ ಕಡೆ ಗುಳೆ ಅಂದರೆ ಗೋವಾ, ಮಂಗಳೂರು, ಬೆಂಗಳೂರು, ಪುಣೆ. ಈ ತಂಡ ಪುಣೆಗೆ, ಕಟ್ಟಡದ ಕೆಲಸಕ್ಕೆ. ನಡುವಿನವನೂ ಹೋದ. ಮನೆಯಲ್ಲಿ ಹೆಂಡತಿ, ಎರಡು ತಿಂಗಳ ಹೆಣ್ಣು ಕೂಸು. ಸೊಲ್ಲಾಪುರ ಸ್ಟೇಷನ್ನಿನಲ್ಲಿ ನೀರು ತರ್ತೀನಿ ಅಂತ ಕ್ಯಾನ್ ಹಿಡಿದು ಹೋದವನು ವಾಪಸ್ ಬರಲಿಲ್ಲ. ಮೇಸ್ತ್ರಿ ಎಲ್ಲರಿಗೂ ಮುಂಗಡ ಕೊಟ್ಟಿದ್ದ. ರೈಲು ಬಿಟ್ಟರೆ ಆ ದುಡ್ಡು ಮೈಮೇಲೆ ಬರುತ್ತದೆ. ಇಬ್ಬರು ಎರಡು ದಿನ ಉಳಿದು ಹುಡುಕಿದರು, ಮಿಕ್ಕವರು ಮುಂದೆ ಹೋದರು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಅವನು ಕಾಣೆಯಾದ ಅಂತ ಹೇಳುವ ಒಂದು ಚೀಟಿಯೂ ಇವತ್ತಿನ ತನಕ ಎಲ್ಲೂ ಇಲ್ಲ.

ಎರಡು ವರ್ಷದ ಮೇಲೆ, ಕುರ್ಡುವಾಡಿ ಹತ್ತಿರ ಹಳಿಯ ಮೇಲೆ ಒಂದು ಹೆಣ ಸಿಕ್ಕಿತ್ತಂತೆ, ಅವನದೇ ಇರಬೇಕು ಅಂತ ಯಾರೋ ಸುದ್ದಿ ತಂದರು. ಮನೆಯವರು ನಂಬಿದರು. ನಂಬಿದರೋ, ನಂಬಿದರೆ ಸಾಕು ಅನ್ನಿಸಿತೋ, ಈಗ ಹೇಳುವುದು ಕಷ್ಟ. ಸೊಸೆಯ ಬಳೆ ಒಡೆದರು. 2005ರಲ್ಲಿ ಹಿರಿಯರು ಕೂತು ಆಕೆಯನ್ನು ಕಿರಿಯವನಿಗೆ ಉಡಿಕಿ ಮಾಡಿಸಿದರು. ಉಡಿಕಿ ಅಂದರೆ ಗಂಡ ಸತ್ತವಳಿಗೆ ಮಾಡುವ ಮರುಮದುವೆ: ಸೀರೆ ಉಡಿಸಿ, ದೈವದ ಮುಂದೆ ಒಪ್ಪಿಸುವುದು. ಕೂಸು ಪರರ ಪಾಲಾಗಬಾರದು, ಹೆಣ್ಣುಮಗಳು ತವರಿಗೆ ಭಾರವಾಗಬಾರದು ಅನ್ನುವ ಲೆಕ್ಕ. ಆಕೆಯನ್ನು ಕೇಳಿದರಾ ಅಂದರೆ, "ಕೇಳಿದ್ರು, ಹ್ಞೂಂ ಅಂದೆ" ಅನ್ನುತ್ತಾಳೆ.

ಕಾಗದ ಬಂತು

2006ರ ಜೂನಿನಲ್ಲಿ ಅಂಚೆಯಲ್ಲಿ ಒಂದು ಕಾಗದ ಬಂತು. ಮರಾಠಿಯಲ್ಲಿತ್ತು. ಊರಲ್ಲಿ ಓದಿಸಿದರೆ ಸುದ್ದಿಯಾಗುತ್ತದೆ ಅಂತ ತಂದೆ ಮತ್ತು ಹಿರಿಯ ಮಗ ಇಳಕಲ್‌ಗೆ ಹೋಗಿ, ಪರಿಚಯದ ಸೀರೆ ವ್ಯಾಪಾರಿಯಿಂದ ಓದಿಸಿದರು. ಒಳಗೆ ಏನಿದೆ ಅಂತ ತಿಳಿಯುವ ಮೊದಲೇ ಮುಚ್ಚಿಡುವುದು ಶುರುವಾಗಿತ್ತು ನೋಡಿ.

ಮಹಾರಾಷ್ಟ್ರದ ಒಂದು ಪುನರ್ವಸತಿ ಕೇಂದ್ರದವರು ಬರೆದಿದ್ದರು. ರಸ್ತೆ ಬದಿಯಲ್ಲಿ ಸಿಕ್ಕ ಒಬ್ಬ ಮನುಷ್ಯ, ಆರು ತಿಂಗಳ ಚಿಕಿತ್ಸೆಯ ನಂತರ ತನ್ನ ಊರಿನ ಹೆಸರು ಹೇಳಿದ್ದಾನೆ, ಬಂದು ನೋಡಿ ಅಂತ. ಆಗ ಆಷಾಢ. ಪಂಢರಪುರಕ್ಕೆ ಹೋಗಿಬರ್ತೀವಿ ಅಂತ ಮನೆಯಲ್ಲಿ ಹೇಳಿ ಅಪ್ಪ, ಮಗ ಹೊರಟರು. ಅವನೇ. ಗುರುತು ಹಿಡಿದ. ಅಪ್ಪಾ ಅಂದ.

ವಾಪಸ್ ಬರುವಾಗ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ತಂದೆ ಹೇಳಿದ ಮಾತನ್ನು ಹಿರಿಯ ಮಗ ನನ್ನ ಮುಂದೆ ಮೂರು ಸಲ ಹೇಳಿದ್ದಾನೆ. "ಹೆರಿಗಿ ಆಗ್ಲಿ. ಆಮ್ಯಾಗ ಹೇಳೋಣು." ಸೊಸೆಗೆ ಆಗ ಆರು ತಿಂಗಳು. ಕಿರಿಯವನ ಕೂಸು.

ಆ ಹೊತ್ತಿಗೆ ಅದು ಕೆಟ್ಟ ಮಾತಲ್ಲ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಹೆರಿಗೆ ಆಯಿತು, ಬಾಣಂತನ ಮುಗಿಯಲಿ ಅಂದರು. ಬಾಣಂತನ ಮುಗಿಯಿತು, ಜಾವಳ ಆಗಲಿ ಅಂದರು. ಆಮೇಲೆ ಹುಡುಗ ಸಾಲಿಗೆ ಹೋಗತೊಡಗಿದ. ಹೇಳದೆ ಕಳೆದ ಪ್ರತಿ ವರ್ಷವೂ ಹೇಳಬೇಕಾದ ವಿಷಯಕ್ಕೆ ಸೇರಿಕೊಳ್ಳುತ್ತಾ ಹೋಯಿತು. ಮೊದಲ ವರ್ಷ "ಅವನು ಬದುಕಿದ್ದಾನೆ" ಅಂತ ಹೇಳಿದರೆ ಸಾಕಿತ್ತು. ಐದನೇ ವರ್ಷ "ಐದು ವರ್ಷ ನಿನಗೆ ಹೇಳಲಿಲ್ಲ" ಅಂತಲೂ ಹೇಳಬೇಕು. ಎರಡನೆಯದೇ ಭಾರ.

ಎಂದೂ ವಾರಿಗೆ ಹೋಗದಿದ್ದ ಮುದುಕ ಪ್ರತಿ ಆಷಾಢಕ್ಕೆ ಪಂಢರಪುರಕ್ಕೆ ಹೋಗತೊಡಗಿದರು. 2009ರಲ್ಲಿ ಕಿರಿಯವನಿಗೆ ಗೊತ್ತಾಯಿತು. ಕೇಂದ್ರದಿಂದ ಬಂದ ಫೋನನ್ನು ಅವನೇ ಎತ್ತಿದ್ದ. 2012ರಲ್ಲಿ ಮಗಳಿಗೆ ಗೊತ್ತಾಯಿತು. ಅಪ್ಪನ ಟ್ರಂಕಿನಲ್ಲಿ ಔಷಧಿಯ ರಸೀದಿಗಳು. ತಂದೆ ತಮ್ಮ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ವಿಚಿತ್ರ ಅಂದರೆ, ತನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ ಅಂತ ಇವರೆಲ್ಲ ಅಂದುಕೊಂಡಿದ್ದರು. ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಮರೆಮಾಡುತ್ತಾ ಒಂದೇ ಪಡಸಾಲೆಯಲ್ಲಿ ಊಟ ಮಾಡಿದರು.

2019ರಲ್ಲಿ ತಂದೆ ತೀರಿಕೊಂಡರು. ಪೌತಿ ಖಾತೆಗೆ, ಅಂದರೆ ಸತ್ತವರ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಬೇಕಲ್ಲ, ಹಿರಿಯ ಮಗ ಅಫಿಡವಿಟ್ ಮಾಡಿಸಿ ಮೂರೇ ಮಕ್ಕಳು ಅಂತ ಬರೆಸಿದ. ಅಲ್ಲಿಯವರೆಗೆ ಗುಟ್ಟು ಬಾಯಿಯದಾಗಿತ್ತು. ಈಗ ಕಾಗದದ ಮೇಲೆ ಬಂತು.

ಆ ದಿನ

ನಮ್ಮ ಕಡೆ ಎರೆ ಹೊಲಗಳಲ್ಲಿ ಈಗ ಗಾಳಿಯಂತ್ರಗಳು ಎದ್ದಿವೆ. ಈ ಮನೆಯ ಎರಡು ಎಕರೆಗೂ ಕಂಪನಿಯವರು ಬಂದರು. ದುಡ್ಡಿನ ಮಾತು ಬಂದ ಮೇಲೆ ಮಗಳ ಸಹಿ ಬೇಕಾಯಿತು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ 2005ರಲ್ಲಿ ಬದುಕಿರಲಿ, ಇಲ್ಲದಿರಲಿ, ಆ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಗಟ್ಟಿ ಮಾಡಿದೆ. ಅಣ್ಣ ಸೀರೆ, ಕುಬಸ ಕೊಟ್ಟು ಮುಗಿಸಲು ನೋಡಿದ. ಮಗಳು ವಾಟ್ನಿಗೆ, ಅಂದರೆ ಆಸ್ತಿ ಪಾಲಿಗೆ, ದಾವೆ ಹಾಕಿದಳು. ದಾವೆ ಮಧ್ಯಸ್ಥಿಕೆಗೆ ಬಂತು.

ನನ್ನ ತಪ್ಪು ಇಲ್ಲಿದೆ. ಮೊದಲ ದಿನ ಪ್ರತಿಯೊಬ್ಬರ ಜೊತೆ ಬೇರೆ ಬೇರೆ ಮಾತಾಡಿದೆ. ಮಗಳು ಏಳುವಾಗ, "ಇನ್ನೊಂದು ಮಾತೈತ್ರಿ ಅಕ್ಕಾರ. ಈಗ ಬ್ಯಾಡ" ಅಂದಳು. ನಾನು ಸರಿ ಅಂದೆ. ಗಂಡನ ಕುಡಿತವೋ, ಸಾಲವೋ ಇರಬೇಕು ಅಂದುಕೊಂಡೆ. ಹೊರಗೆ ಇನ್ನೊಂದು ಕೇಸಿನವರು ಕಾಯುತ್ತಿದ್ದರು.

ಎರಡನೇ ದಿನ ಎಲ್ಲರನ್ನೂ ಕೂಡಿಸಿದೆ. ಸೊಸೆ ಗಂಡನ ಜೊತೆ ಬುತ್ತಿ ಹಿಡಿದು ಬಂದಿದ್ದಳು. ಗೋಡೆಗೆ ಆತು ಬೆಂಚಿನ ಮೇಲೆ ಕೂತಿದ್ದಳು. ಅವಳು ದಾವೆಯಲ್ಲಿ ಪಕ್ಷಗಾರಳಲ್ಲ, ಹೊರಗೆ ಬಿಸಿಲು, ಇರಲಿ ಅಂತ ಸುಮ್ನೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಮಾತು ಬಿಸಿಯಾಯಿತು. ಹಿರಿಯ ಮಗ "ಮೂರು ಪಾಲಿನಾಗ ಒಂದು ತಗೋ, ಹೋಗು" ಅಂದ. ಮಗಳು ಎದ್ದು ನಿಂತಳು.

"ಮೂರಲ್ಲ, ನಾಕು ಪಾಲು. ಅಂವ ಇನ್ನೂ ಅದಾನ. ವರ್ಷಾ ಯಾವ ಪಂಢರಪುರಕ್ಕ ಹೋಗ್ತಿದ್ರಂತ ಕೇಳ್ರಿ ನಮ್ಮಣ್ಣನ್ನ."

ಯಾರೂ ಮಾತಾಡಲಿಲ್ಲ. ಬೆಂಚಿನ ಮೇಲಿನಿಂದ ಸೊಸೆ ಕೇಳಿದಳು, "ಎಷ್ಟ ವರ್ಷ ಆತು?"

ಬದುಕಿದ್ದಾನಾ ಅಂತ ಅವಳು ಕೇಳಲಿಲ್ಲ. ಎಲ್ಲಿದ್ದಾನೆ ಅಂತಲೂ ಕೇಳಲಿಲ್ಲ. ಕಿರಿಯವನು ನೆಲ ನೋಡುತ್ತಾ "ಹದಿನೇಳು" ಅಂದ. ಅವನಿಗೂ ಗೊತ್ತಿತ್ತು ಅನ್ನುವುದು ಆ ಒಂದು ಮಾತಿನಿಂದ ಎಲ್ಲರಿಗೂ ತಿಳಿಯಿತು. ಸೊಸೆ ಬುತ್ತಿಯ ಡಬ್ಬಿ ಅಲ್ಲೇ ಇಟ್ಟು ಹೊರಗೆ ನಡೆದಳು. ಅಲ್ಲಿಂದಲೇ ಲಿಂಗಸುಗೂರು ಕಡೆಯ ತವರಿಗೆ ಬಸ್ ಹತ್ತಿದಳು.

ಈಗ ಮೊದಲ ಭೇಟಿಯಲ್ಲೇ ನಾನು ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಗೊತ್ತಿದ್ದು, ಈ ಮನೆಯಲ್ಲಿ ಬೇರೆಯವರಿಗೆ ಗೊತ್ತಿಲ್ಲದ್ದು ಏನಾದರೂ ಇದೆಯಾ? ಅದಕ್ಕೆ ಉತ್ತರ ಸಿಗುವ ತನಕ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸುವುದಿಲ್ಲ. "ಈಗ ಬ್ಯಾಡ" ಅಂದರೆ ಯಾವಾಗ, ಯಾರ ಮುಂದೆ ಬೇಡ ಅಂತ ಅಲ್ಲೇ ಕೇಳುತ್ತೇನೆ.

ಏನೇನು ಮಾಡಿ ನೋಡಿದೆವು

ಮೊದಲು ಊರಿನ ಹಿರಿಯರು ಕೈ ಹಾಕಿದರು. ಅವನು ಅಲ್ಲೇ ಇರಲಿ, ತಿಂಗಳಿಗಿಷ್ಟು ದುಡ್ಡು ಕಳಿಸೋಣ, ಹೊಲ ಮೂರು ಪಾಲು, ಹೆಣ್ಣುಮಗಳು ಗಂಡನ ಮನೆಗೆ ಬರಲಿ. ಲಿಂಗಸುಗೂರಿಗೆ ಹೋದ ನಾಲ್ಕು ಹಿರಿಯರಿಗೆ ಸೊಸೆ ಚಹಾ ಕೊಟ್ಟು ಕಳಿಸಿದಳು. ಬೇರೇನೂ ಹೇಳಲಿಲ್ಲ.

ಆಮೇಲೆ ಹಿರಿಯ ಮಗ, ಜೀಪು ಮಾಡಿಕೊಂಡು ಹೋಗಿ ತಮ್ಮನನ್ನು ಕರೆತಂದು ಬಿಡ್ತೀನಿ ಅಂತ ಹೊರಟ. ಮಾಡಿದ್ದನ್ನೆಲ್ಲ ಒಂದೇ ದಿನದಲ್ಲಿ ತೊಳೆದುಕೊಳ್ಳುವ ಆತುರ. ಕೇಂದ್ರದವರು ಕಳಿಸಲಿಲ್ಲ. ಅವರು ಹೇಳಿದ್ದು ಸರಿ ಇತ್ತು. ಮೊದಲು ಅವನನ್ನು ಕೇಳಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸಮಾಜದಲ್ಲಿ ಎಲ್ಲರ ಜೊತೆ ಬದುಕುವುದು ಅವನ ಹಕ್ಕು. ಆದರೆ ಅದು ಅವನ ಹಕ್ಕು, ಅಣ್ಣನ ಪ್ರಾಯಶ್ಚಿತ್ತ ಅಲ್ಲ.

ಕಿರಿಯವನದು ಬೇರೆಯೇ ಹೆದರಿಕೆ. "ಏಳು ವರ್ಷ ಸುದ್ದಿ ಇಲ್ಲಂದ್ರ ಸತ್ತಂಗ ಅಲ್ರಿ? ನನ್ನ ಮ್ಯಾಲ ಕೇಸ್ ಆಕ್ಕೈತೇನು?" ಏಳು ವರ್ಷದ ಈ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ, ಅರ್ಧ ಮಾತ್ರ ಸರಿ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 108ನೇ ಕಲಂ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಬರಬೇಕಿತ್ತೋ ಅವರಿಗೆ ಏಳು ವರ್ಷ ಏನೂ ಬಂದಿರಬಾರದು. ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಮಾತ್ರ ಆ ಊಹೆ ನಡೆಯುತ್ತದೆ. ಸತ್ತ ತಾರೀಖು ಯಾವುದು ಅಂತ ಆ ಊಹೆ ಹೇಳುವುದಿಲ್ಲ, ಇದನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಒಂದು ವಿಮೆ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಇಲ್ಲಿ ಉಡಿಕಿ ಆದದ್ದು ಮೂರನೇ ವರ್ಷಕ್ಕೆ. ಸುದ್ದಿ ಬಂದದ್ದು ನಾಲ್ಕನೇ ವರ್ಷಕ್ಕೆ. ಎಲ್ಲರಿಗಿಂತ ಮೊದಲು ಸುದ್ದಿ ಮುಟ್ಟಬೇಕಾಗಿದ್ದ ಒಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಮುಟ್ಟಿತ್ತು.

ಹಾಗಾಗಿ 1955ರ ಹಿಂದೂ ವಿವಾಹ ಕಾಯ್ದೆಯ ಕಣ್ಣಲ್ಲಿ ಆ ಉಡಿಕಿ ನಿಲ್ಲುವುದಿಲ್ಲ. ಮಗನ ಗತಿ ಏನು ಅಂತ ಕಿರಿಯವನು ಅತ್ತ. ಅದಕ್ಕೆ ಉತ್ತರ ಇತ್ತು. ಅದೇ ಕಾಯ್ದೆಯ 16ನೇ ಕಲಂ ಅಂಥ ಮಕ್ಕಳನ್ನು ಔರಸ, ಅಂದರೆ ಕಾನೂನುಬದ್ಧ ಮಕ್ಕಳು, ಅನ್ನುತ್ತದೆ. ನಮ್ಮ ಮಾತುಕತೆ ನಡೆದಿದ್ದಾಗಲೇ, 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಇಂಥ ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ತಂದೆ ತಾಯಿಗೆ ಬರುವ ಪಾಲಿನಲ್ಲೂ ಹಕ್ಕಿದೆ ಅಂತ. ಆ ಪ್ರಕರಣವೂ ಕರ್ನಾಟಕದ್ದೇ. ಮಾರನೇ ದಿನದ ಪೇಪರ್ ಕಟ್ ಮಾಡಿ ಅವನ ಕೈಗೆ ಕೊಟ್ಟೆ. ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಆಸ್ತಿಯ ಮಾತನ್ನು ಎರಡು ತಿಂಗಳು ಪೂರ್ತಿ ನಿಲ್ಲಿಸಿದೆವು. ವಕೀಲರಿಬ್ಬರೂ ಒಪ್ಪಿ ಕೋರ್ಟಿನಿಂದ ಸಮಯ ಕೇಳಿದರು. ಯಾರಿಗೆ ಮೊದಲು ಹೇಳಬೇಕು ಅನ್ನುವುದನ್ನು ಕೂತು ತೀರ್ಮಾನಿಸಿದೆವು: ಮೊದಲು ಮೊಮ್ಮಗಳಿಗೆ, ಅಂದರೆ ನಡುವಿನವನ ಮಗಳಿಗೆ, ಆಮೇಲೆ ಅಣ್ಣ ತಮ್ಮಂದಿರ ತಾಯಿಗೆ. ಮೊಮ್ಮಗಳು ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳಿಗೆ ಬೇರೆ ಯಾರೂ ಅಲ್ಲ, ಅವ್ವನೇ ಹೋಗಿ ಹೇಳಿದಳು. ಹುಡುಗಿ ಇಡೀ ರಾತ್ರಿ ಮಾತಾಡಲಿಲ್ಲವಂತೆ. ಬೆಳಿಗ್ಗೆ, ಫಾರಮ್ಮುಗಳಲ್ಲೆಲ್ಲ ತಂದೆಯ ಹೆಸರಿನ ಹಿಂದೆ 'ಲೇಟ್' ಅಂತ ಬರೆದಿದ್ದೀನಲ್ಲ, ಅದನ್ನ ಏನು ಮಾಡೋದು ಅಂತ ಕೇಳಿದಳು.

ತಾಯಿಗೆ 78. ಬಿಪಿ ಇದೆ. ಅವರಿಗೆ ಹೇಳುವ ದಿನ ಮಗಳು ಪಕ್ಕದಲ್ಲಿ, ಪರಿಚಯದ ನರ್ಸ್ ಅಂಗಳದಲ್ಲಿ, ಗಾಡಿ ಬಾಗಿಲಲ್ಲಿ. ನಾನು ಎಲ್ಲಿಂದಲೋ ಸುತ್ತಿಕೊಂಡು ಮಾತು ಶುರು ಮಾಡಿದೆ. ಮುದುಕಿ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಡದೆ, "ಗೊತ್ತೈತಿ ಬಿಡವ್ವಾ" ಅಂದರು.

"ಏಕಾದಶಿ ಉಪಾಸದ ಜಾತ್ರಿಗೆ ಯಾರರೆ ಇಪ್ಪತ್ತು ಸಜ್ಜಿ ರೊಟ್ಟಿ ಕಟ್ಟಿಸ್ಕೊಂಡು ಹೋಗ್ತಾರೇನು? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಂವಗಷ್ಟ ಸೇರ್ತಿತ್ತು. ಮೊದಲ ವರ್ಷ ನನ್ನ ಗಂಡ ಕೇಳಿದಾಗ್ಲೇ ತಿಳೀತು. ಅವರು ಹೇಳ್ಲಿಲ್ಲ, ನಾ ಕೇಳ್ಲಿಲ್ಲ. ರೊಟ್ಟಿ ಮಾಡಿ ಕೊಟ್ಟೆ."

ಹದಿಮೂರು ವರ್ಷ, ಪ್ರತಿ ಆಷಾಢಕ್ಕೆ. ಆಮೇಲೆ ಸೊಸೆಗೆ ಈ ಮಾತು ಮುಟ್ಟಿಸಿದಾಗ ಅವಳು, "ನನಗೂ ಒಂದು ತಿಳಿಬೇಕಿತ್ರಿ. ಮಾವಾರು ಒಂದ ವರ್ಷನೂ ಬುಕ್ಕಿಟ್ಟು ತರ್ಲಿಲ್ಲ" ಅಂದಳು. ಬುಕ್ಕಿಟ್ಟು ಅಂದರೆ ಹಣೆಗೆ ಹಚ್ಚುವ ಕಪ್ಪು ಪರಿಮಳದ ಪುಡಿ. ಪಂಢರಪುರಕ್ಕೆ ಹೋದವರು ಬುಕ್ಕಿಟ್ಟು, ಚುರುಮುರಿ ತಾರದೆ ಬರುತ್ತಾರಾ?

ಎರಡನೇ ಸುಳ್ಳು

ಅವನನ್ನು ಭೇಟಿಗೆ ಹೇಗೆ ಸಿದ್ಧ ಮಾಡಬೇಕು ಅಂತ ಕೇಳಲು, ಹಿರಿಯ ಮಗ ನನ್ನ ಕಚೇರಿಯಿಂದಲೇ ಕೇಂದ್ರಕ್ಕೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ. ಅಲ್ಲಿನ ಸಮಾಜ ಕಾರ್ಯಕರ್ತೆ ಫೈಲ್ ನೋಡಿ ಹೇಳಿದರು: ಹೆಂಡತಿ ಬರುತ್ತಾರೆ ಅಂದಿರಲ್ಲ, ಇಲ್ಲಿ ಹೆಂಡತಿ ತೀರಿಕೊಂಡಿದ್ದಾರೆ ಅಂತ ಬರೆದಿದೆಯಲ್ಲ?

ಹಿರಿಯ ಮಗ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಮುಚ್ಚಿಕೊಂಡ. 2006ರ ಮೊದಲ ಭೇಟಿಯಲ್ಲಿ ನಡುವಿನವನು ಮೂರು ಸಲ ಹೆಂಡತಿಯ ಹೆಸರು ಹಿಡಿದು ಕೇಳಿದ್ದನಂತೆ. ಊರಿಗೆ ಬರ್ತೀನಿ ಅಂದಿದ್ದನಂತೆ. ತಂದೆ, ಅವಳು ಸತ್ತಳು ಅಂದಿದ್ದರು. ಆಮೇಲೆ ಅವನು ಊರಿನ ಮಾತು ಎತ್ತಲಿಲ್ಲ.

ಇದನ್ನು ಸೊಸೆಗೆ ಹೇಳಬೇಕಾ? ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಈಗಷ್ಟೇ ಒಂದು ಹಂತಕ್ಕೆ ಬಂದಿದೆ, ಸ್ವಲ್ಪ ತಡೆದು ಹೇಳೋಣ ಅನ್ನಿಸಿತು. ತಡೆದು ಹೇಳೋಣ ಅಂತ ನನ್ನ ಬಾಯಿಂದಲೂ ಬಂತಲ್ಲ ಅಂತ ಎಚ್ಚರವಾಯಿತು. ಮಾರನೇ ದಿನವೇ ಲಿಂಗಸುಗೂರಿಗೆ ಹೋದೆವು. ನಾನು ಹೇಳುವುದಿಲ್ಲ, ನೀವೇ ಹೇಳಬೇಕು ಅಂತ ಹಿರಿಯ ಮಗನಿಗೆ ದಾರಿಯಲ್ಲೇ ತಿಳಿಸಿದ್ದೆ. ಅವನು ಕಟ್ಟೆಯ ಮೇಲೆ ಕೂರದೆ ನೆಲದ ಮೇಲೆ ಕೂತು ಹೇಳಿದ. ಒಂದು ನೆಪವನ್ನೂ ಸೇರಿಸಲಿಲ್ಲ.

"ನಾನು ಯಾವ ವರ್ಷ ಸತ್ತೀನಂತ ಬರ್ಸೀರಿ, ಭಾವಾರ?"

"ಎರಡು ಸಾವಿರದ ಆರು."

ಆಕೆ ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಳು. "ಆತು. ನಾನ ಹೋಗಿ ಜೀವಂತ ಅದೀನಂತ ಹೇಳಿ ಬರ್ತೀನಿ."

ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಅವಳಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ಎಲ್ಲವನ್ನೂ ನಾವೇ ಮಾತಾಡುತ್ತಿದ್ದೆವು, ನನ್ನನ್ನೂ ಸೇರಿಸಿ. ಅವತ್ತಿನಿಂದ ದಿನ ಗೊತ್ತು ಮಾಡಿದವಳು, ಯಾರು ಬರಬೇಕು ಅಂತ ಹೇಳಿದವಳು ಅವಳು. ತನ್ನ ಮಗಳನ್ನೂ ನಾದಿನಿಯನ್ನೂ ಕರೆದುಕೊಂಡು ಹೋದಳು. ಗಂಡಸರು ಬೇಡ ಅಂದಳು. ಕೇಂದ್ರದವರು ಅವನಿಗೆ ಒಂದು ವಾರ ಮೊದಲೇ ನಿಧಾನಕ್ಕೆ ತಿಳಿಸಿದ್ದರು.

ಆ ಭೇಟಿಯಲ್ಲಿ ನಾನಿರಲಿಲ್ಲ. ಮೊಮ್ಮಗಳು ಹೇಳಿದ್ದನ್ನು ಬರೆಯುತ್ತೇನೆ. ಅಳು, ಅಪ್ಪುಗೆ ಏನೂ ಇರಲಿಲ್ಲ. ಅವನು ಕೇಂದ್ರದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ, ಕೈ ಒರೆಸಿಕೊಳ್ಳುತ್ತಾ ಬಂದು ಕೂತ. ತುಂಬಾ ಹೊತ್ತು ಮೂವರನ್ನೂ ನೋಡಿದ. ಆಮೇಲೆ, "ಮಳಿ ಆಗ್ಯಾವೇನು?" ಅಂದ.

ಅದು 2023ರ ನವೆಂಬರ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಹುಡುಗಿ ಅಪರಿಚಿತರಿಗೆ ಹೇಳುವ ಹಾಗೆ, "ಇಲ್ರಿ. ಈ ವರ್ಷಾನೂ ಇಲ್ರಿ" ಅಂದಳಂತೆ. ಅವನು ಹೌದಾ ಅನ್ನುವ ಹಾಗೆ ತಲೆಯಾಡಿಸಿದ.

ಈಗ

ದಾವೆ 2024ರಲ್ಲಿ ರಾಜಿಯಾಯಿತು. ನಾಲ್ಕು ಮಕ್ಕಳಿಗೂ ಪಾಲು, ತಾಯಿಗೆ ಬೇರೆ. ವಂಶವೃಕ್ಷವನ್ನು ಹಿರಿಯ ಮಗ ತಾನೇ ತಪ್ಪೊಪ್ಪಿಗೆ ಬರೆದುಕೊಟ್ಟು ತಿದ್ದಿಸಿದ. ನಡುವಿನವನನ್ನು ದಾವೆಗೆ ಸೇರಿಸಿದೆವು. ಕಾಯಿಲೆ ಇದೆ ಅಂದ ಮಾತ್ರಕ್ಕೆ ಸಹಿ ಹಾಕುವ ಅರ್ಹತೆ ಹೋಗುವುದಿಲ್ಲ. ಅವನು ವ್ಯವಹಾರ ಅರ್ಥ ಮಾಡಿಕೊಳ್ಳಬಲ್ಲ ಅಂತ ಮನೋವೈದ್ಯರು ಬರೆದುಕೊಟ್ಟರು, ಅವನೇ ಸಹಿ ಹಾಕಿದ. ಗಾಳಿಯಂತ್ರದ ಕಂಪನಿಯವರು ಅಷ್ಟರಲ್ಲಿ ಪಕ್ಕದ ಹೊಲಕ್ಕೆ ಹೋಗಿದ್ದರು.

ರಾಜಿ ಪತ್ರ ಬರೆಯುವಾಗ ಒಂದು ಕಡೆ ನಿಂತೆವು. ನಡುವಿನವನ ಪಾಲಿನಿಂದ ಒಂದು ಎಕರೆ ಸೊಸೆಯ ಹೆಸರಿಗೆ ಬರಬೇಕಿತ್ತು. ಟೈಪ್ ಮಾಡುವವನು "ಗಂಡ?" ಅಂತ ಕೇಳಿ ಕೈ ಮೇಲೆತ್ತಿ ಕೂತ. ಸೊಸೆ ನನ್ನ ಕಡೆ ತಿರುಗಿ, "ನೀವ ಹೇಳ್ರಿ ಅಕ್ಕಾರ, ಯಾರ ಹೆಂಡ್ತಿ ಅಂತ ಬರೀಬೇಕು?" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ತಂದೆಯ ಹೆಸರು ಹಾಕಿದೆವು. ಇಂಥವರ ಮಗಳು ಅಂತ. ಮೊದಲ ಮದುವೆಗೆ ಒಪ್ಪಿಗೆಯ ವಿಚ್ಛೇದನ, ಆಮೇಲೆ ಕಿರಿಯವನ ಜೊತೆ ನೋಂದಣಿ, ಹೀಗೊಂದು ದಾರಿ ಇದೆ ಅಂತ ತಿಳಿಸಿದ್ದೇನೆ. ಯಾವುದಕ್ಕೂ ಅವಳು ಇನ್ನೂ ಹ್ಞೂಂ ಅಂದಿಲ್ಲ. ಊರಿಗೆ ಬಂದಿದ್ದಾಳೆ, ಆದರೆ ಬೇರೆ ಮನೆ ಮಾಡಿಕೊಂಡಿದ್ದಾಳೆ. ಹುಡುಗ ಎರಡೂ ಮನೆಯಲ್ಲಿ ಉಣ್ಣುತ್ತಾನೆ.

ಅಣ್ಣ ತಮ್ಮಂದಿರ ಮಾತು ನಿಂತೇ ಹೋಗಿದೆ. ಅದು ನನ್ನಿಂದ ಆಗಲಿಲ್ಲ. ಕಿರಿಯವನ ಸಿಟ್ಟು ಗುಟ್ಟಿನ ಬಗ್ಗೆ ಅಲ್ಲ, ಅವನೂ ಅದರಲ್ಲಿದ್ದ. "ನಾ ಒಬ್ಬನ ಹೊತ್ಕೊಂಡೀನಿ ಅಂತ ಹದಿನಾಕು ವರ್ಷ ಒದ್ದಾಡಿದೆ, ಇಂವ ಎದುರಿಗೇ ಕುಂತಿದ್ದ" ಅನ್ನುವುದು ಅವನ ದೂರು.

ನಡುವಿನವನು ಆ ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಹದಿನೈದು ದಿನ ಬಂದು ತಾಯಿಯ ಹತ್ತಿರ ಇದ್ದ. ಮಾತ್ರೆ ಮುಗಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ತರುವ ವ್ಯವಸ್ಥೆ ಮಾಡಿಟ್ಟಿದ್ದೆವು. ಬೇಕಾಗಲಿಲ್ಲ, ಹದಿನಾರನೇ ದಿನ ತಾನೇ ಚೀಲ ಕಟ್ಟಿಕೊಂಡ. ಅಡುಗೆಮನೆಯಲ್ಲಿ ಕೆಲಸ ಇದೆ ಅಂದ. ಮುದುಕಿ ರೊಟ್ಟಿ ಕಟ್ಟಿಕೊಟ್ಟರು.

ಆ ವರ್ಷದ ಆಷಾಢ ಮುಗಿದ ಮೇಲೆ ಒಂದು ಮಧ್ಯಾಹ್ನ ಸೊಸೆ ಮತ್ತು ಅವಳ ನಾದಿನಿ ನನ್ನ ಕಚೇರಿಗೆ ಬಂದರು. ಇಬ್ಬರೂ ಅವನನ್ನು ನೋಡಿಕೊಂಡು, ಬರುವಾಗ ಪಂಢರಪುರಕ್ಕೂ ಹೋಗಿಬಂದಿದ್ದರು. ಚೀಲದಿಂದ ಒಂದು ಚುರುಮುರಿ ಪೊಟ್ಟಣ ತೆಗೆದು ಟೇಬಲ್ ಮೇಲಿಟ್ಟರು. ಜೊತೆಗೆ ಪೇಪರಿನಲ್ಲಿ ಕಟ್ಟಿದ ಬುಕ್ಕಿಟ್ಟು.